ಡ್ರಾ ಆದರೆ ಇಬ್ಬರಿಗೂ ಲಾಭ: ಗ್ರೂಪ್ ಹಂತದ ಜಗಳ ತಪ್ಪಿಸೋದು ಹೇಗೆ?

ಪ್ರಶ್ನೆ: ಸರ್, ನಾವು ಬೆಳಗಾವಿಯ ಟಿಳಕವಾಡಿ ಕಡೆಯ ಹುಡುಗರು. ಪ್ರತಿ ವರ್ಷ ಡಿಸೆಂಬರಿನಲ್ಲಿ ಫುಟ್‌ಬಾಲ್ ಟೂರ್ನಿ ಮಾಡ್ತೀವಿ. ಮೊದಲೆಲ್ಲ ನಾಕೌಟ್ ಇತ್ತು. ಹೋದ ವರ್ಷ ವರ್ಲ್ಡ್ ಕಪ್ಪಿನ ಹಾಗೆ ಗ್ರೂಪ್ ಮಾಡಿದೆವು. ನಾಲ್ಕು ತಂಡಗಳ ಎರಡು ಗ್ರೂಪ್, ಮೊದಲ ಎರಡು ಸ್ಥಾನದವರು ಸೆಮಿಫೈನಲ್‌ಗೆ. ಒಂದು ಗ್ರೂಪಿನ ಕೊನೆಯ ಮ್ಯಾಚ್ ಡ್ರಾ ಆದರೆ ಆಡುತ್ತಿದ್ದ ಎರಡೂ ತಂಡ ಒಳಗೆ ಬರ್ತಿದ್ದವು. ಸೆಕೆಂಡ್ ಹಾಫ್ ಪೂರ್ತಿ ಹಿಂದೆ ಹಿಂದೆ ಪಾಸ್ ಕೊಟ್ಟುಕೊಂಡು ಕಾಲ ಕಳೆದರು. ಮುಂಜಾನೆ ತಮ್ಮ ಮ್ಯಾಚ್ ಗೆದ್ದಿದ್ದ ತಂಡ ಬದಿಯಲ್ಲಿ ಕೂತು ಇದನ್ನೆಲ್ಲ ನೋಡ್ತಿತ್ತು. ಅವರು ಪೆಂಡಾಲಿಗೆ ನುಗ್ಗಿ, 'ಕಮಿಟಿಯವರೂ ಸೇರಿಕೊಂಡೇ ಮಾಡಿದ್ದು' ಅಂತ ಗಲಾಟೆ ಮಾಡಿದರು. ನಾವೇನು ಮಾಡಬೇಕಿತ್ತು? ಈ ವರ್ಷ 12 ತಂಡ ಬರ್ತಿವೆ. ಗ್ರೂಪ್ ಹೇಗೆ ಮಾಡೋದು? ಪಾಯಿಂಟ್ ಸಮ ಬಂದರೆ ಯಾರನ್ನು ಒಳಗೆ ತೆಗೆದುಕೊಳ್ಳೋದು? ಮೂರನೇ ಸ್ಥಾನದವರನ್ನೂ ಮುಂದೆ ಕಳಿಸೋದು ಸರಿಯಾ?

ಉತ್ತರ: ಮೊದಲು ಜಗಳದ ವಿಷಯ ಮುಗಿಸೋಣ. ಆ ಎರಡು ತಂಡಗಳು ಯಾವ ನಿಯಮವನ್ನೂ ಮುರಿದಿಲ್ಲ. ಚೆಂಡನ್ನು ಹಿಂದಕ್ಕೆ ಕೊಡಬಾರದು ಅಂತ ಫುಟ್‌ಬಾಲಿನ ನಿಯಮದಲ್ಲಿ ಎಲ್ಲೂ ಇಲ್ಲ. ಗೋಲು ಹೊಡೆಯೋಕೆ ಪ್ರಯತ್ನ ಮಾಡಲೇಬೇಕು ಅಂತಲೂ ಇಲ್ಲ. ಪಾಪ, ನಿಮ್ಮ ರೆಫ್ರಿ ಏನು ಮಾಡಬೇಕಿತ್ತು ಹೇಳಿ? ಥ್ರೋ ಅಥವಾ ಫ್ರೀಕಿಕ್ ತೆಗೆದುಕೊಳ್ಳಲು ಬೇಕಂತಲೇ ತಡ ಮಾಡಿದರೆ ಹಳದಿ ಕಾರ್ಡ್ ತೋರಿಸಬಹುದು. ತಮ್ಮವರೇ ಕಾಲಿನಿಂದ ಬೇಕಂತ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯುವಂತಿಲ್ಲ. ಆ ನಿಯಮ 1992ರಿಂದಲೇ ಇದೆ. ಕೀಪರ್ ಎಂಟು ಸೆಕೆಂಡಿಗಿಂತ ಜಾಸ್ತಿ ಹೊತ್ತು ಚೆಂಡನ್ನು ಕೈಯಲ್ಲಿ ಹಿಡಿದು ನಿಂತರೆ ಎದುರಾಳಿಗೆ ಕಾರ್ನರ್ ಕೊಡಬೇಕು. ಅದು 2025ರಲ್ಲಿ ಬಂದದ್ದು. ಇಷ್ಟರ ಮೇಲೆ ರೆಫ್ರಿಯ ಕೈಯಲ್ಲಿ ಏನೂ ಇಲ್ಲ. ಇಬ್ಬರೂ ಒಪ್ಪಿಕೊಂಡು ಆಡದೇ ನಿಂತರೆ ಅವನು ಗಡಿಯಾರ ನೋಡಿಕೊಂಡು ಮ್ಯಾಚ್ ಮುಗಿಸಬೇಕು, ಅಷ್ಟೇ.

ಹುಳುಕು ಇದ್ದದ್ದು ನಿಮ್ಮ ವೇಳಾಪಟ್ಟಿಯಲ್ಲಿ. ಒಂದೇ ಗ್ರೂಪಿನ ಕೊನೆಯ ಎರಡು ಮ್ಯಾಚುಗಳಲ್ಲಿ ಒಂದನ್ನು ಮುಂಜಾನೆ ಇಟ್ಟಿರಿ, ಇನ್ನೊಂದನ್ನು ಸಂಜೆ ಇಟ್ಟಿರಿ. ಸಂಜೆ ಆಡುವವರಿಗೆ ಪರೀಕ್ಷೆಗೆ ಮೊದಲೇ ಉತ್ತರ ಪತ್ರಿಕೆ ಕೊಟ್ಟ ಹಾಗಾಯಿತು. ಡ್ರಾ ಸಾಕು ಅಂತ ಗೊತ್ತಿದ್ದ ಮೇಲೆ ಯಾವ ಕೋಚ್ ತಾನೆ ತನ್ನ ಹುಡುಗರನ್ನು ಮುಂದಕ್ಕೆ ನುಗ್ಗಿಸುತ್ತಾನೆ? ನಾನಾಗಿದ್ದರೂ ಹಿಂದೆ ನಿಲ್ಲಿಸುತ್ತಿದ್ದೆ. ಆಟಗಾರರಿಗೆ ಬುದ್ಧಿ ಹೇಳಿ ಇದು ಸರಿಹೋಗೋದಿಲ್ಲ. ಪಟ್ಟಿ ಹಾಕುವಾಗಲೇ ಸರಿಮಾಡಬೇಕು.

ಬೇಜಾರು ಮಾಡಿಕೊಳ್ಳಬೇಡಿ. ವರ್ಲ್ಡ್ ಕಪ್ ನಡೆಸುವ ಫಿಫಾ ಕೂಡ ಇದೇ ಕೆಲಸ ಮಾಡಿ, ಹೆಸರು ಕೆಡಿಸಿಕೊಂಡ ಮೇಲೆಯೇ ಬದಲಾದದ್ದು.

1982ರ ವರ್ಲ್ಡ್ ಕಪ್, ಸ್ಪೇನ್‌ನಲ್ಲಿ. ಅಲ್ಜೀರಿಯಾಕ್ಕೆ ಅದು ಮೊದಲ ವರ್ಲ್ಡ್ ಕಪ್. ಮೊದಲ ಮ್ಯಾಚಿನಲ್ಲೇ ಪಶ್ಚಿಮ ಜರ್ಮನಿಯನ್ನು 2–1ರಿಂದ ಹೊಡೆದು ಹಾಕಿದರು. ಆಸ್ಟ್ರಿಯಾಕ್ಕೆ 0–2ರಿಂದ ಸೋತರು. ಜೂನ್ 24ರಂದು ಚಿಲಿಯನ್ನು 3–2ರಿಂದ ಗೆದ್ದರು. ಆಗ ಗೆದ್ದರೆ ಎರಡೇ ಪಾಯಿಂಟ್. ಅಲ್ಜೀರಿಯಾಕ್ಕೆ ನಾಲ್ಕು ಪಾಯಿಂಟ್, ಹೊಡೆದ ಗೋಲು ಐದು, ತಿಂದ ಗೋಲೂ ಐದು. ಅವರ ಕೆಲಸ ಮುಗಿಯಿತು. ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾದ ಮ್ಯಾಚ್ ಇದ್ದದ್ದು ಮರುದಿನ, ಖಿಖೋನ್ ಎಂಬ ಊರಿನಲ್ಲಿ.

ಈಗ ಲೆಕ್ಕ ನೋಡಿ. ಆಸ್ಟ್ರಿಯಾ ಎರಡೂ ಮ್ಯಾಚ್ ಗೆದ್ದಿತ್ತು: ನಾಲ್ಕು ಪಾಯಿಂಟ್, ಗೋಲು ವ್ಯತ್ಯಾಸ (ಹೊಡೆದದ್ದರಲ್ಲಿ ತಿಂದದ್ದನ್ನು ಕಳೆದರೆ) ಪ್ಲಸ್ 3. ಜರ್ಮನಿಗೆ ಎರಡು ಪಾಯಿಂಟ್, ವ್ಯತ್ಯಾಸ ಪ್ಲಸ್ 2. ಜರ್ಮನಿ ಗೆಲ್ಲದಿದ್ದರೆ ಮನೆಗೆ. ಜರ್ಮನಿ ಮೂರು ಗೋಲಿನಿಂದ ಗೆದ್ದರೆ ಆಸ್ಟ್ರಿಯಾ ಮನೆಗೆ. ಆದರೆ ಒಂದು ಅಥವಾ ಎರಡು ಗೋಲಿನಿಂದ ಗೆದ್ದರೆ? ಇಬ್ಬರೂ ಒಳಗೆ, ಅಲ್ಜೀರಿಯಾ ಹೊರಗೆ. ಇದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹತ್ತನೇ ನಿಮಿಷದಲ್ಲಿ ಜರ್ಮನಿಯ ಹ್ರುಬೆಶ್ ಗೋಲು ಹೊಡೆದ. ಸ್ವಲ್ಪ ಹೊತ್ತು ಆಟ ನಡೆಯಿತು. ಆಮೇಲೆ ಸುಮ್ನೆ ಪಾಸು, ಹಿಂದಕ್ಕೊಂದು ಪಾಸು, ಮತ್ತೆ ಪಾಸು. ನೋಡೋಕೆ ಬಂದ ಸ್ಪೇನಿನ ಜನ ಬೊಬ್ಬೆ ಹಾಕಿದರು. ಅಲ್ಜೀರಿಯಾದ ಅಭಿಮಾನಿಗಳು ನೋಟು ಹಿಡಿದು ಅಲ್ಲಾಡಿಸಿದರು. ಆಸ್ಟ್ರಿಯಾದ ಟಿವಿ ಕಾಮೆಂಟೇಟರ್, 'ಟಿವಿ ಬಂದ್ ಮಾಡಿಬಿಡಿ' ಅಂತ ತನ್ನ ದೇಶದ ಜನಕ್ಕೇ ಹೇಳಿದ. 1–0ಗೆ ಮ್ಯಾಚ್ ಮುಗಿಯಿತು. ಅಲ್ಜೀರಿಯಾ ದೂರು ಕೊಟ್ಟಿತು. ಫಿಫಾ ಕೊಟ್ಟ ಉತ್ತರ, ನಾನು ನಿಮ್ಮ ರೆಫ್ರಿ ಪರವಾಗಿ ಹೇಳಿದ್ದೇ: ಯಾವ ನಿಯಮವೂ ಮುರಿದಿಲ್ಲ, ಫಲಿತಾಂಶ ಹಾಗೇ ಇರುತ್ತದೆ.

ಅದಕ್ಕೂ ನಾಲ್ಕು ವರ್ಷ ಮೊದಲು, 1978ರಲ್ಲಿ, ಇದರ ಇನ್ನೊಂದು ರೂಪ ಆಗಿತ್ತು. ಎರಡನೇ ಗ್ರೂಪ್ ಹಂತದ ಕೊನೆಯ ದಿನ ಬ್ರೆಜಿಲ್ ಮೊದಲು ಆಡಿ ಪೋಲೆಂಡನ್ನು 3–1ರಿಂದ ಗೆದ್ದಿತು. ಆತಿಥೇಯ ಅರ್ಜೆಂಟೀನಾ ಅದೇ ದಿನ ಆಮೇಲೆ ಆಡಿತು. ನಾಲ್ಕು ಗೋಲಿನ ಅಂತರದ ಗೆಲುವು ಬೇಕು ಅಂತ ತಿಳಿದೇ ಮೈದಾನಕ್ಕೆ ಇಳಿದು, ಪೆರುವನ್ನು 6–0ಯಿಂದ ಸೋಲಿಸಿ ಫೈನಲ್‌ಗೆ ಹೋಯಿತು. ಒಳಗೆ ಏನು ನಡೆದಿತ್ತು ಅನ್ನೋ ಅನುಮಾನದ ಮಾತು ಇವತ್ತಿಗೂ ನಿಂತಿಲ್ಲ. ಏನೂ ನಡೆದಿರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಬ್ರೆಜಿಲ್‌ಗೆ ಎಷ್ಟು ಗೋಲು ಬೇಕು ಅಂತ ಗೊತ್ತಿರಲಿಲ್ಲ, ಅರ್ಜೆಂಟೀನಾಕ್ಕೆ ಗೊತ್ತಿತ್ತು. ಅನ್ಯಾಯ ಅಷ್ಟರಲ್ಲೇ ಇದೆ.

ಕೊನೆಗೆ 1986ರ ವರ್ಲ್ಡ್ ಕಪ್ಪಿನಿಂದ, ಒಂದು ಗ್ರೂಪಿನ ಕೊನೆಯ ಎರಡೂ ಮ್ಯಾಚ್ ಒಂದೇ ಹೊತ್ತಿಗೆ ಶುರುವಾಗಬೇಕು ಅಂತಾಯಿತು. ಇದರಿಂದ ಮೋಸ ಪೂರ್ತಿ ನಿಂತಿತು ಅಂತಲ್ಲ. ಆದರೆ ಪಕ್ಕದ ಮೈದಾನದಲ್ಲಿ ಏನಾಗುತ್ತದೋ ಅನ್ನೋ ಭಯ ಹುಟ್ಟಿತು. ಆ ಭಯವೇ ಆಟ ಆಡಿಸುತ್ತದೆ. 2022ರ ಡಿಸೆಂಬರ್ 1ರ ರಾತ್ರಿ ನೀವೂ ಟಿವಿ ಮುಂದೆ ಕೂತಿದ್ದಿರಬಹುದು. ಜಪಾನ್ ಸ್ಪೇನ್ ಮೇಲೆ 2–1 ಮುಂದೆ. ಅತ್ತ ಕೋಸ್ಟರಿಕಾ 70ನೇ ನಿಮಿಷದಲ್ಲಿ ಜರ್ಮನಿ ಮೇಲೆ 2–1 ಮುಂದೆ. ಆ ಕ್ಷಣದ ಪಟ್ಟಿ ಪ್ರಕಾರ ಸ್ಪೇನೂ ಹೊರಗೆ, ಜರ್ಮನಿಯೂ ಹೊರಗೆ! ಮೂರು ನಿಮಿಷದಲ್ಲಿ ಜರ್ಮನಿ ಸಮ ಮಾಡಿತು, ಕೊನೆಗೆ 4–2ರಿಂದ ಗೆದ್ದಿತು. ಸ್ಪೇನ್ ಉಳಿಯಿತು, ಜರ್ಮನಿ ಆದರೂ ಹೊರಗೇ ಹೋಯಿತು. ಎರಡು ಮ್ಯಾಚ್ ಬೇರೆ ಬೇರೆ ಹೊತ್ತಿಗೆ ಇದ್ದಿದ್ದರೆ ಆ ಮೂರು ನಿಮಿಷ ಇರುತ್ತಲೇ ಇರಲಿಲ್ಲ.

ಹಾಗಾಗಿ ನಿಮಗೆ ಮೊದಲನೇ ಮಾತು: ಕೊನೆಯ ಸುತ್ತಿಗೆ ಎರಡು ಮೈದಾನ ಹೊಂದಿಸಿ. ಟೂರ್ನಿ ಪೂರ್ತಿಗೆ ಬೇಡ, ಒಂದೇ ದಿನಕ್ಕೆ ಸಾಕು. ಬೆಳಗಾವಿಯಲ್ಲಿ ಇದು ಕಷ್ಟದ ಕೆಲಸವಲ್ಲ. ಕ್ಯಾಂಪಿನಲ್ಲಿ, ಟಿಳಕವಾಡಿಯಲ್ಲಿ ಗೋಲ್‌ಪೋಸ್ಟ್ ಇರುವ ಶಾಲೆ ಮೈದಾನಗಳಿವೆ. ಭಾನುವಾರ ಒಂದು ದಿನ ಕೇಳಿ ನೋಡಿ. ಎರಡೂ ಮೈದಾನ ಒಂದೇ ಅಳತೆ ಇರಬೇಕು ಅಂತೇನಿಲ್ಲ, ಆದರೆ ಒಂದು ಹುಲ್ಲಿನದು, ಇನ್ನೊಂದು ಬರೀ ಕೆಂಪು ಮಣ್ಣಿನದು ಆದರೆ ಯಾರು ಎಲ್ಲಿ ಅಂತ ಚೀಟಿ ಎತ್ತಿ. ಎರಡೂ ಕಡೆ ಒಬ್ಬೊಬ್ಬರು ಫೋನ್ ಹಿಡಿದು ರೆಫ್ರಿ ಪಕ್ಕ ನಿಲ್ಲಲಿ. ಇಲ್ಲಿ ತಂಡ ರೆಡಿ ಆಗಿಲ್ಲ ಅಂದರೆ ಅಲ್ಲೂ ಶುರು ಮಾಡಬಾರದು. ಸೆಕೆಂಡ್ ಹಾಫಿಗೂ ಹಾಗೇ. ನಮ್ಮಲ್ಲಿ ಹಾಫ್‌ಟೈಮ್ ಅಂದರೆ ಹತ್ತು ನಿಮಿಷದ್ದು ಇಪ್ಪತ್ತಾಗುತ್ತದೆ. ಅತಿಥಿಗಳು ಬಂದರು, ಹಾರ ಹಾಕಬೇಕು, ಫೋಟೊ ತೆಗೆಯಬೇಕು. ಕೊನೆಯ ಸುತ್ತಿನ ದಿನ ಅತಿಥಿಗಳನ್ನು ಕರೆಯಲೇಬೇಡಿ. ಒಂದು ಕಡೆ ಹತ್ತು ನಿಮಿಷ ತಡವಾದರೆ ಕೊನೆಯ ಹತ್ತು ನಿಮಿಷ ಮತ್ತೆ ಅದೇ ಖಿಖೋನ್.

ಇನ್ನು 12 ತಂಡಗಳ ಲೆಕ್ಕ. ಆರಾರು ತಂಡದ ಎರಡು ಗ್ರೂಪ್ ಅಂದರೆ ಗ್ರೂಪ್ ಹಂತಕ್ಕೇ 30 ಮ್ಯಾಚ್. ಅದನ್ನು ಮರೆತುಬಿಡಿ. ಉಳಿದದ್ದು ಎರಡು ದಾರಿ: ಮೂರು ತಂಡಗಳ ನಾಲ್ಕು ಗ್ರೂಪ್, ಇಲ್ಲವೇ ನಾಲ್ಕು ತಂಡಗಳ ಮೂರು ಗ್ರೂಪ್.

ಮೂರು ತಂಡದ ಗ್ರೂಪ್ ಅಂದರೆ ಬರೀ 12 ಮ್ಯಾಚಿನಲ್ಲಿ ಗ್ರೂಪ್ ಹಂತ ಮುಗಿಯುತ್ತದೆ. ಕಮಿಟಿಯಲ್ಲಿ ಖರ್ಚು ನೋಡಿಕೊಳ್ಳುವವರಿಗೆ ಇದೇ ಇಷ್ಟ ಆಗುತ್ತದೆ. ಆದರೆ ಇದರಲ್ಲಿ ಕೊನೆಯ ಮ್ಯಾಚ್ ಆಡುವಾಗ ಒಂದು ತಂಡ ಖಾಲಿ ಕೂತಿರಲೇಬೇಕು. ಎರಡು ಮೈದಾನ ಇದ್ದರೂ ಪ್ರಯೋಜನವಿಲ್ಲ. ಮೂವರಲ್ಲಿ ಇಬ್ಬರು ಮುಂದೆ ಹೋಗ್ತಾರೆ ಅಂತ ಮಾಡಿದರೆ, ಹೋದ ವರ್ಷದ ಜಗಳಕ್ಕೆ ನೀವೇ ಆಮಂತ್ರಣ ಪತ್ರಿಕೆ ಹಂಚಿದ ಹಾಗೆ. ಫಿಫಾ ಕೂಡ 48 ತಂಡಗಳ 2026ರ ವರ್ಲ್ಡ್ ಕಪ್ಪಿಗೆ 2017ರಲ್ಲಿ ಇದನ್ನೇ ಒಪ್ಪಿಕೊಂಡಿತ್ತು: ಮೂರು ತಂಡಗಳ 16 ಗ್ರೂಪ್, ಒಟ್ಟು 80 ಮ್ಯಾಚ್. ಕತಾರಿನ 2022ರ ವರ್ಲ್ಡ್ ಕಪ್ಪಿನಲ್ಲಿ ಗ್ರೂಪುಗಳ ಕೊನೆಯ ಸುತ್ತು ಎಷ್ಟು ಚೆನ್ನಾಗಿ ನಡೆಯಿತು ಅಂತ ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟು ನಾಲ್ಕು ತಂಡಗಳ 12 ಗ್ರೂಪ್ ಅಂತ ಬದಲಿಸಿತು. ಮ್ಯಾಚು 104ಕ್ಕೆ ಏರಿತು. ಜಾಸ್ತಿ ಮ್ಯಾಚ್ ಅಂದರೆ ಜಾಸ್ತಿ ದುಡ್ಡು ಅನ್ನೋದೂ ಇದೆ ಬಿಡಿ. ಆದರೂ ನಿರ್ಧಾರ ಸರಿಯಾದದ್ದೇ.

ಮೂರು ತಂಡದ ಗ್ರೂಪೇ ಗತಿ ಅನ್ನೋ ಪರಿಸ್ಥಿತಿ ಬಂದರೆ ಒಂದು ಉಪಾಯ ಇದೆ. ಗ್ರೂಪಿನಿಂದ ಒಬ್ಬರೇ ಮುಂದೆ ಹೋಗಲಿ, ನೇರ ಸೆಮಿಫೈನಲ್‌ಗೆ. ಒಬ್ಬರಿಗೇ ಜಾಗ ಇರುವಾಗ ಇಬ್ಬರು ಕೈ ಜೋಡಿಸಿ ಏನು ಲಾಭ? ಜೊತೆಗೆ, ಮೊದಲ ಮ್ಯಾಚಿನಲ್ಲಿ ಸೋತವರೇ ಎರಡನೇ ಮ್ಯಾಚನ್ನೂ ಆಡಬೇಕು ಅಂತ ಇಡಿ. ಆಗ ಮೊದಲು ಗೆದ್ದ ತಂಡಕ್ಕೂ ಕಾದು ಕೂತ ತಂಡಕ್ಕೂ ಕೊನೆಯ ಮ್ಯಾಚ್ ಬೀಳುತ್ತದೆ, ಬಿಸಿ ಉಳಿಯುತ್ತದೆ. ಅದೇ 1982ರ ವರ್ಲ್ಡ್ ಕಪ್ಪಿನ ಎರಡನೇ ಹಂತ ಹೀಗೇ ಇತ್ತು. ಇಟಲಿ ಅರ್ಜೆಂಟೀನಾವನ್ನು ಸೋಲಿಸಿತು. ಸೋತ ಅರ್ಜೆಂಟೀನಾ ಬ್ರೆಜಿಲ್ ಜೊತೆ ಆಡಿ ಮತ್ತೆ ಸೋತಿತು. ಉಳಿದದ್ದು ಇಟಲಿ–ಬ್ರೆಜಿಲ್. ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಪಾವ್ಲೊ ರೊಸ್ಸಿ ಮೂರು ಗೋಲು ಹೊಡೆದು 3–2ರಿಂದ ಇಟಲಿಯನ್ನು ಮುಂದೆ ಕರೆದುಕೊಂಡು ಹೋದ. ಒಂದೇ ಟೂರ್ನಿಯಲ್ಲಿ ಅಷ್ಟು ಕೆಟ್ಟ ಮ್ಯಾಚೂ ಇತ್ತು, ಇಷ್ಟು ಒಳ್ಳೆಯದೂ ಇತ್ತು ನೋಡಿ. ಮೊದಲ ಮ್ಯಾಚ್ ಡ್ರಾ ಆದರೆ ಎರಡನೆಯದನ್ನು ಯಾರು ಆಡಬೇಕು ಅನ್ನೋದನ್ನು ಮಾತ್ರ ಮೊದಲೇ ಬರೆದಿಡಿ.

ನನ್ನ ಸಲಹೆ ನಾಲ್ಕು ತಂಡಗಳ ಮೂರು ಗ್ರೂಪೇ. ಖಾನಾಪುರದಿಂದ, ಗೋಕಾಕದಿಂದ, ಕೊಲ್ಹಾಪುರದಿಂದ ಗಾಡಿ ಮಾಡಿಕೊಂಡು ಬರುವ ಹುಡುಗರಿಗೆ ಮೂರು ಮ್ಯಾಚಾದರೂ ಗ್ಯಾರಂಟಿ ಸಿಗಬೇಕು. ಮೊದಲ ಮ್ಯಾಚ್ ಸೋತ ಕೂಡಲೇ ಎಲ್ಲ ಮುಗಿದ ಹಾಗೆ ಆಗಬಾರದು. 2022ರಲ್ಲಿ ಅರ್ಜೆಂಟೀನಾ ಮೊದಲ ಮ್ಯಾಚಿನಲ್ಲಿ ಸೌದಿ ಅರೇಬಿಯಾಕ್ಕೆ 1–2ರಿಂದ ಸೋತು, ಕೊನೆಗೆ ಕಪ್ ಎತ್ತಿತು. ಗ್ರೂಪ್ ಇಡೋದೇ ಆ ಎರಡನೇ ಅವಕಾಶಕ್ಕೆ.

ಇದಕ್ಕೆ ಗ್ರೂಪ್ ಹಂತದಲ್ಲಿ 18 ಮ್ಯಾಚ್ ಬೇಕು. 30–30 ನಿಮಿಷದ ಆಟ ಇಟ್ಟುಕೊಂಡರೆ ಒಂದು ಮೈದಾನದಲ್ಲಿ ದಿನಕ್ಕೆ ನಾಲ್ಕು ಮ್ಯಾಚ್ ಆರಾಮಾಗಿ ಆಗುತ್ತವೆ. ಮುಂಜಾನೆ ಎರಡು, ಮಧ್ಯಾಹ್ನದ ಮೇಲೆ ಎರಡು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಬೆಳಕು ಹೋಗುತ್ತದೆ, ಐದನೆಯದಕ್ಕೆ ಆಸೆ ಪಡಬೇಡಿ. ಮೊದಲ ಎರಡು ಸುತ್ತಿನ 12 ಮ್ಯಾಚ್ ಮೂರು ದಿನದಲ್ಲಿ ಮುಗಿಯುತ್ತವೆ: ಮೊದಲ ವಾರದ ಶನಿವಾರ, ಭಾನುವಾರ, ಮತ್ತೆ ಮುಂದಿನ ಶನಿವಾರ. ಎರಡನೇ ಭಾನುವಾರ ಕೊನೆಯ ಸುತ್ತು, ಎರಡು ಮೈದಾನದಲ್ಲಿ ಜೋಡಿ ಜೋಡಿಯಾಗಿ ಆರು ಮ್ಯಾಚ್. ಅದರ ಮುಂದಿನ ವಾರ ಕ್ವಾರ್ಟರ್ ಫೈನಲ್. ಸೆಮಿಫೈನಲ್ ಮುಂಜಾನೆ, ಫೈನಲ್ ಅದೇ ಸಂಜೆ ಅನ್ನೋ ಹಳೇ ಚಾಳಿ ಬಿಡಿ. ಹುಡುಗರ ಕಾಲು ಹಿಡಿದುಕೊಳ್ಳುತ್ತವೆ, ಫೈನಲ್‌ನಲ್ಲಿ ಜನ ನೋಡೋದು ಬರೀ ಐಸ್ ಸ್ಪ್ರೇ.

ಕ್ವಾರ್ಟರ್ ಫೈನಲ್‌ಗೆ ಎಂಟು ತಂಡ ಬೇಕು. ಮೂರು ಗ್ರೂಪಿನ ಮೊದಲ ಎರಡು ಸ್ಥಾನದವರು ಆರು. ಇನ್ನಿಬ್ಬರು ಮೂರನೇ ಸ್ಥಾನದವರಿಂದ ಬರಬೇಕು. 'ಮೂರನೇ ಸ್ಥಾನ ಬಂದವರಿಗೆ ಯಾಕೆ ಜಾಗ' ಅಂತ ನಿಮ್ಮ ಕಮಿಟಿಯಲ್ಲಿ ಯಾರಾದರೂ ಗೊಣಗಿದರೆ ಪೋರ್ಚುಗಲ್ ಕಥೆ ಹೇಳಿ. 2016ರ ಯೂರೊ ಕಪ್ಪಿನಲ್ಲಿ ಗ್ರೂಪಿನ ಮೂರೂ ಮ್ಯಾಚ್ ಡ್ರಾ ಮಾಡಿಕೊಂಡರು. ಮೂರು ಪಾಯಿಂಟ್, ಮೂರನೇ ಸ್ಥಾನ. ಕೊನೆಗೆ ಚಾಂಪಿಯನ್ ಅವರೇ. ಅದಕ್ಕೆ ತದ್ವಿರುದ್ಧ ಉಕ್ರೇನ್. 2024ರ ಯೂರೊದಲ್ಲಿ ಅವರ ಗ್ರೂಪಿನ ನಾಲ್ಕೂ ತಂಡಕ್ಕೆ ನಾಲ್ಕು ನಾಲ್ಕು ಪಾಯಿಂಟ್ ಬಂತು, ಉಕ್ರೇನ್ ಕೊನೆಯ ಸ್ಥಾನಕ್ಕೆ ಬಿದ್ದು ಮನೆಗೆ ಹೋಯಿತು.

ಮೂರನೇ ಸ್ಥಾನದ ಪದ್ಧತಿಯಲ್ಲಿ ಒಂದು ಓರೆ ಇದ್ದೇ ಇದೆ. ಕೊನೆಗೆ ಆಡುವ ಗ್ರೂಪಿನವರಿಗೆ ಉಳಿದವರ ಲೆಕ್ಕ ಗೊತ್ತಿರುತ್ತದೆ. 2019ರ ಏಷ್ಯನ್ ಕಪ್ಪಿನಲ್ಲಿ ವಿಯೆಟ್ನಾಂ ಜನವರಿ 16ರಂದು ತನ್ನ ಆಟ ಮುಗಿಸಿತು. ಲೆಬನಾನ್ ಮರುದಿನ ಆಡಿತು. ಎಷ್ಟು ಗೋಲು ಬೇಕು ಅಂತ ಲೆಬನಾನಿಗೆ ಸರಿಯಾಗಿ ಗೊತ್ತಿತ್ತು. ಉತ್ತರ ಕೊರಿಯಾವನ್ನು 4–1ರಿಂದ ಗೆದ್ದರು. ಇನ್ನೊಂದೇ ಗೋಲು ಬೇಕಿತ್ತು. ಪಾಯಿಂಟ್, ಗೋಲು ವ್ಯತ್ಯಾಸ, ಹೊಡೆದ ಗೋಲು ಎಲ್ಲ ಸಮ ಬಂದು, ಕಡಿಮೆ ಹಳದಿ ಕಾರ್ಡ್ ಇದ್ದ ವಿಯೆಟ್ನಾಂ ಒಳಗೆ ಹೋಯಿತು. ಗೊತ್ತಿದ್ದೂ ಆಗಲಿಲ್ಲ ಅನ್ನಿ. ನಿಮ್ಮ ಮೂರು ಗ್ರೂಪಿನಲ್ಲಿ ಯಾವುದು ಕೊನೆಗೆ ಆಡಬೇಕು ಅನ್ನೋದನ್ನು ಟೂರ್ನಿಗೆ ಮೊದಲೇ, ಎಲ್ಲ ಕ್ಯಾಪ್ಟನ್‌ಗಳ ಎದುರಿಗೆ ಚೀಟಿ ಎತ್ತಿ ತೀರ್ಮಾನಿಸಿ. ಇದಕ್ಕಿಂತ ಚೆನ್ನಾದ ಮದ್ದು ನನಗೆ ಕಂಡಿಲ್ಲ.

ಈಗ ಬಹಳ ಜಗಳದ ವಿಷಯ: ಪಾಯಿಂಟ್ ಸಮ ಬಂದರೆ ಏನು?

ಎರಡು ಪದ್ಧತಿ ಇವೆ. ಒಂದು, ಗ್ರೂಪಿನ ಎಲ್ಲ ಮ್ಯಾಚಿನ ಗೋಲು ವ್ಯತ್ಯಾಸ ನೋಡೋದು. ವರ್ಲ್ಡ್ ಕಪ್ಪಿನಲ್ಲಿ 1970ರಿಂದ 2022ರ ತನಕ ಇದೇ ಇತ್ತು. ಇನ್ನೊಂದು, ಸಮ ಬಂದ ತಂಡಗಳು ಪರಸ್ಪರ ಆಡಿದಾಗ ಯಾರು ಗೆದ್ದಿದ್ದರು ಅಂತ ನೋಡೋದು. ಮುಖಾಮುಖಿ ಲೆಕ್ಕ ಅನ್ನೋಣ. ಯೂರೊ ಕಪ್, ಏಷ್ಯನ್ ಕಪ್ಪಿನಲ್ಲಿ ಇದು. 2026ರ ವರ್ಲ್ಡ್ ಕಪ್ಪಿಗೆ ಫಿಫಾ ಕೂಡ ಇದಕ್ಕೇ ಬದಲಾಯಿಸಿಕೊಂಡಿತು.

ಮುಖಾಮುಖಿ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ನಮ್ಮ ಭಾರತ ತಂಡದ್ದೇ ಉದಾಹರಣೆ ಕೊಡ್ತೀನಿ. ಅದೇ 2019ರ ಏಷ್ಯನ್ ಕಪ್. ನಮ್ಮ ಗ್ರೂಪಿನಲ್ಲಿ ಆತಿಥೇಯ ಯುಎಇ, ಥಾಯ್ಲೆಂಡ್, ಬಹ್ರೇನ್. ಥಾಯ್ಲೆಂಡನ್ನು 4–1ರಿಂದ ಹೊಡೆದೆವು. ಯುಎಇಗೆ 0–2ರಿಂದ ಸೋತೆವು. ಕೊನೆಯ ಮ್ಯಾಚ್ ಶಾರ್ಜಾದಲ್ಲಿ ಬಹ್ರೇನ್ ಜೊತೆ, ಜನವರಿ 14. ಅದೇ ಹೊತ್ತಿಗೆ ಇನ್ನೊಂದು ಕಡೆ ಯುಎಇ–ಥಾಯ್ಲೆಂಡ್ 1–1. ನಮ್ಮದು 90ನೇ ನಿಮಿಷದ ತನಕ 0–0. ಆ ಹೊತ್ತಿನ ಪಟ್ಟಿ ಬರೆದು ನೋಡಿ: ಯುಎಇ 5, ಭಾರತ 4, ಥಾಯ್ಲೆಂಡ್ 4, ಬಹ್ರೇನ್ 2. ಥಾಯ್ಲೆಂಡನ್ನು ನಾವೇ ಸೋಲಿಸಿದ್ದರಿಂದ ಎರಡನೇ ಸ್ಥಾನ ನಮ್ಮದು. ನೇರ ನಾಕೌಟ್‌ಗೆ. ಆಗ ನಮ್ಮ ಬಾಕ್ಸಿನಲ್ಲಿ ಒಂದು ಫೌಲ್, ಪೆನಾಲ್ಟಿ, 91ನೇ ನಿಮಿಷಕ್ಕೆ ಗೋಲು. ಯುಎಇ 5, ಥಾಯ್ಲೆಂಡ್ 4, ಬಹ್ರೇನ್ 4, ಭಾರತ 3. ಒಂದು ಒದೆತಕ್ಕೆ ಎರಡನೇ ಸ್ಥಾನದಿಂದ ನಾಲ್ಕಕ್ಕೆ ಬಿದ್ದೆವು.

ಇನ್ನೂ ಹೊಟ್ಟೆ ಉರಿಯುವ ಮಾತು ಕೇಳಿ. ನಾವು ಹೊಡೆದದ್ದು ನಾಲ್ಕು, ತಿಂದದ್ದು ನಾಲ್ಕು, ವ್ಯತ್ಯಾಸ ಸೊನ್ನೆ. ಥಾಯ್ಲೆಂಡ್ ಹೊಡೆದದ್ದು ಮೂರು, ತಿಂದದ್ದು ಐದು, ಮೈನಸ್ 2. ಆದರೂ ಅವರು ಎರಡನೇ ಸ್ಥಾನದಲ್ಲಿ ಒಳಗೆ! ಬಹ್ರೇನಿನ ಪಾಯಿಂಟೂ ನಾಲ್ಕೇ, ಗೋಲು ವ್ಯತ್ಯಾಸವೂ ಅವರದ್ದೇ ಚೆನ್ನಾಗಿತ್ತು. ಆದರೆ ಥಾಯ್ಲೆಂಡ್ ಅವರನ್ನು 1–0ಯಿಂದ ಸೋಲಿಸಿತ್ತು. ಬಹ್ರೇನ್ ಮೂರನೇ ಸ್ಥಾನದ ಕೋಟಾದಲ್ಲಿ ಹೋಗಬೇಕಾಯಿತು. ಪಾಯಿಂಟ್ ಮೊದಲು, ಮುಖಾಮುಖಿ ಆಮೇಲೆ, ಗೋಲು ವ್ಯತ್ಯಾಸ ಅದರ ನಂತರ. ಈ ಕ್ರಮ ನಿಮ್ಮ ಹುಡುಗರ ತಲೆಗೆ ಹೋಗಬೇಕಾದರೆ ಈ ಒಂದು ಗ್ರೂಪನ್ನು ಹಾಳೆಯ ಮೇಲೆ ಬರೆಸಿ.

ನಿಮಗೆ ನಾನು ಮುಖಾಮುಖಿಯನ್ನೇ ಶಿಫಾರಸು ಮಾಡ್ತೀನಿ. ಕಾರಣ ಊರ ಟೂರ್ನಿಗಳ ಸ್ವಭಾವ. ಇಲ್ಲಿ ಒಂದು ತಂಡದಲ್ಲಿ ಗೋವಾ ಲೀಗ್ ಆಡಿದ ಹುಡುಗರು ಇರ್ತಾರೆ, ಇನ್ನೊಂದರಲ್ಲಿ ಹತ್ತನೇ ಕ್ಲಾಸಿನವರು. 9–0 ಆಗೋದು ದೊಡ್ಡ ಸುದ್ದಿಯೇ ಅಲ್ಲ. ಆಗಲೇ ಹೊರಬಿದ್ದ ತಂಡ ಕೊನೆಯ ಮ್ಯಾಚಿಗೆ ಎಂಟೇ ಜನ ಬಂದು ಆಡೋದೂ ಇದೆ. ಅಂಥ ತಂಡ ಕೊನೆಗೆ ಯಾರಿಗೆ ಸಿಕ್ಕಿತೋ ಅವರಿಗೆ ಲಾಟರಿ. ಗೋಲು ವ್ಯತ್ಯಾಸವನ್ನು ಮುಂದೆ ಇಟ್ಟರೆ ಒಳ್ಳೆಯ ತಂಡ ಯಾವುದು ಅನ್ನೋದನ್ನು ಅತಿ ಕೆಟ್ಟ ತಂಡ ತೀರ್ಮಾನ ಮಾಡುತ್ತದೆ.

ಹಾಗಂತ ಮುಖಾಮುಖಿಯಲ್ಲಿ ತೂತಿಲ್ಲ ಅಂತಲ್ಲ. 2004ರ ಯೂರೊದಲ್ಲಿ ಇಟಲಿ, ಡೆನ್ಮಾರ್ಕ್, ಸ್ವೀಡನ್ ಮೂವರಿಗೂ ಐದು ಪಾಯಿಂಟ್ ಬಂತು. ಮೂವರೂ ಬಲ್ಗೇರಿಯಾವನ್ನು ಗೆದ್ದಿದ್ದರು, ತಮ್ಮತಮ್ಮಲ್ಲಿ ಡ್ರಾ ಮಾಡಿಕೊಂಡಿದ್ದರು. ಇಟಲಿಯ ಡ್ರಾಗಳು 0–0 ಮತ್ತು 1–1. ಹಾಗಾಗಿ ಕೊನೆಯ ದಿನ ಡೆನ್ಮಾರ್ಕ್–ಸ್ವೀಡನ್ 2–2 ಆದರೆ ಇಟಲಿ ಹೊರಗೆ. ಅವರು ಬಲ್ಗೇರಿಯಾ ಮೇಲೆ ಹತ್ತು ಗೋಲು ಹೊಡೆದರೂ ಉಪಯೋಗ ಇಲ್ಲ. ಮ್ಯಾಚ್ 2–2 ಆಯಿತು! ಸ್ವೀಡನ್ ಸಮ ಮಾಡಿದ್ದು 89ನೇ ನಿಮಿಷದಲ್ಲಿ. ಇಟಲಿಯವರು ಕೂಗಾಡಿದರು. ಆ ಮ್ಯಾಚ್ ಅಷ್ಟು ಜೋರಾಗಿ ನಡೆದಿತ್ತು, ನನಗೆ ಅದರಲ್ಲಿ ಒಳ ಒಪ್ಪಂದ ಕಾಣಲಿಲ್ಲ. ಇಂಥದ್ದು ಅಪರೂಪ. ಎಂಟು ಜನ ಬಂದು ಒಂಬತ್ತು ಗೋಲು ತಿನ್ನೋದು ಪ್ರತಿ ವರ್ಷದ್ದು.

ಮೂರು ತಂಡ ಸಮ ಬಂದಾಗ ಏನು ಮಾಡೋದು ಅನ್ನೋದನ್ನು ಬಿಡಿಸಿ ಬರೆಯಿರಿ. ನಾಲ್ಕನೇ ತಂಡದ ಮ್ಯಾಚುಗಳನ್ನು ಪಕ್ಕಕ್ಕಿಡಿ. ಉಳಿದ ಮೂವರ ನಡುವಿನ ಮೂರು ಮ್ಯಾಚಿನದ್ದೇ ಒಂದು ಸಣ್ಣ ಪಟ್ಟಿ ಮಾಡಿ. ಅದರಲ್ಲಿ ಪಾಯಿಂಟ್, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು ನೋಡಿ. ಅಲ್ಲೂ ಸಮ ಇದ್ದರೆ ದೊಡ್ಡ ಪಟ್ಟಿಯ ಗೋಲು ವ್ಯತ್ಯಾಸಕ್ಕೆ ಬನ್ನಿ, ಆಮೇಲೆ ಹೊಡೆದ ಗೋಲು. ಮೂರನೇ ಸ್ಥಾನದವರನ್ನು ಹೋಲಿಸುವಾಗ ಮುಖಾಮುಖಿ ಇರೋದೇ ಇಲ್ಲ, ಅವರು ಬೇರೆ ಬೇರೆ ಗ್ರೂಪಿನವರು. ಅಲ್ಲಿ ಪಾಯಿಂಟ್ ಆದ ಮೇಲೆ ನೇರ ಗೋಲು ವ್ಯತ್ಯಾಸ.

ಅದೂ ಸಮ ಬಂದರೆ ಕಾರ್ಡುಗಳ ಲೆಕ್ಕ. ಹಳದಿಗೆ ಮೈನಸ್ 1, ಎರಡು ಹಳದಿಯಾಗಿ ಕೆಂಪು ಬಂದರೆ ಮೈನಸ್ 3, ನೇರ ಕೆಂಪಿಗೆ ಮೈನಸ್ 4, ಹಳದಿ ಇದ್ದವನಿಗೆ ನೇರ ಕೆಂಪು ಬಂದರೆ ಮೈನಸ್ 5. 2018ರ ವರ್ಲ್ಡ್ ಕಪ್ಪಿನಲ್ಲಿ ಜಪಾನ್, ಸೆನೆಗಲ್ ಎಲ್ಲದರಲ್ಲೂ ಸಮ ಇದ್ದವು. ನಾಲ್ಕು ಪಾಯಿಂಟ್, ನಾಲ್ಕು ಗೋಲು ಹೊಡೆದು ನಾಲ್ಕು ತಿಂದದ್ದು, ಪರಸ್ಪರ ಮ್ಯಾಚೂ 2–2. ಜಪಾನಿಗೆ ನಾಲ್ಕು ಹಳದಿ, ಸೆನೆಗಲ್‌ಗೆ ಆರು. ಜಪಾನ್ ಒಳಗೆ. ಜಪಾನ್ ಕೊನೆಯ ಮ್ಯಾಚಿನಲ್ಲಿ ಪೋಲೆಂಡ್‌ಗೆ 0–1 ಹಿಂದೆ ಇದ್ದರೂ, ಕೊನೆಯ ನಿಮಿಷಗಳಲ್ಲಿ ಹಿಂದೆಯೇ ಪಾಸ್ ಕೊಟ್ಟುಕೊಂಡು ನಿಂತಿತು. ಕಾರ್ಡ್ ಬರಬಾರದು, ಇನ್ನೊಂದು ಗೋಲು ತಿನ್ನಬಾರದು. ಅತ್ತ ಸೆನೆಗಲ್ ಕೊಲಂಬಿಯಾ ಮೇಲೆ ಒಂದು ಗೋಲು ಹೊಡೆದಿದ್ದರೆ ಜಪಾನಿನ ಮುಖ ಹೋಗುತ್ತಿತ್ತು. ಆ ಜೂಜು ಆಡಿ ಗೆದ್ದರು.

ಕಾರ್ಡಿನ ಲೆಕ್ಕ ಇಡೋದಾದರೆ ದಾಖಲೆ ಗಟ್ಟಿ ಇರಬೇಕು. ನಮ್ಮಲ್ಲಿ ರೆಫ್ರಿ ಅಂಗೈ ಮೇಲೆ, ಸಿಗರೇಟ್ ಪ್ಯಾಕಿನ ಹಿಂದೆ ನಂಬರ್ ಬರೆದುಕೊಳ್ಳೋದನ್ನು ನೋಡಿದ್ದೀನಿ. ಆಮೇಲೆ ಅದು 6 ಅಥವಾ 9 ಅಂತ ವಾದ. ಪ್ರತಿ ಮ್ಯಾಚ್ ಮುಗಿದ ಕೂಡಲೇ ಒಂದು ಹಾಳೆಯಲ್ಲಿ ಗೋಲು, ಕಾರ್ಡು, ನಿಮಿಷ ಬರೆದು ಇಬ್ಬರು ಕ್ಯಾಪ್ಟನ್‌ಗಳ ಸಹಿ ಹಾಕಿಸಿ. ಸಹಿ ಆಗದೆ ಕಿಟ್ ಬ್ಯಾಗ್ ಮುಚ್ಚೋ ಹಾಗಿಲ್ಲ ಅನ್ನಿ.

ಎಲ್ಲ ಸಮ ಬಂದರೆ ಚೀಟಿ. ನಾಚಿಕೆ ಪಡೋದೇನಿಲ್ಲ; 1990ರ ವರ್ಲ್ಡ್ ಕಪ್ಪಿನಲ್ಲಿ ಐರ್ಲೆಂಡ್, ನೆದರ್ಲೆಂಡ್ಸ್ ನಡುವೆ ಎರಡನೇ ಸ್ಥಾನ ಯಾರದ್ದು ಅಂತ ಚೀಟಿ ಎತ್ತಿಯೇ ತೀರ್ಮಾನಿಸಿದ್ದರು. ಆದರೆ ಸಮ ಬಂದ ಇಬ್ಬರೇ ಕೊನೆಯ ಮ್ಯಾಚಿನಲ್ಲಿ ಎದುರುಬದುರಾಗಿದ್ದರೆ ಅಲ್ಲೇ ಪೆನಾಲ್ಟಿ ಹೊಡೆಸಿ. ಜನಕ್ಕೂ ಖುಷಿ.

ಮ್ಯಾಚಿಗೆ ಬಾರದ ತಂಡದ ಬಗ್ಗೆಯೂ ಒಂದು ಸಾಲು ಬರೆದಿಡಿ. ಕೊನೆಯ ಮ್ಯಾಚಿಗೆ ಬರಲಿಲ್ಲ ಅಂದರೆ ಎದುರಿನವರಿಗೆ 3–0 ಗೆಲುವು ಕೊಡೋದು ರೂಢಿ. ಆದರೆ ಮೊದಲ ಮ್ಯಾಚ್ ಆಡಿ ಮಧ್ಯದಲ್ಲೇ ಟೂರ್ನಿ ಬಿಟ್ಟು ಹೋದರೆ, ಆ ತಂಡ ಆಡಿದ್ದನ್ನೆಲ್ಲ ಪಟ್ಟಿಯಿಂದ ತೆಗೆಯೋದೇ ನ್ಯಾಯ. ಇಲ್ಲದಿದ್ದರೆ ಒಬ್ಬರಿಗೆ 6–0, ಇನ್ನಿಬ್ಬರಿಗೆ 3–0 ಅಂತ ಲೆಕ್ಕ ವಕ್ರ ಆಗುತ್ತದೆ.

ಕಡೆಯದಾಗಿ ಒಂದು ಎಚ್ಚರಿಕೆ. ಪ್ರತಿ ಕಮಿಟಿಯಲ್ಲೂ ಒಬ್ಬರು ಹೊಸ ಐಡಿಯಾದವರು ಇರ್ತಾರೆ. 'ಡ್ರಾನೇ ಬೇಡ, ಎಕ್ಸ್ಟ್ರಾ ಟೈಮ್ ಇಡೋಣ, ಅದರಲ್ಲಿ ಹೊಡೆದ ಗೋಲಿಗೆ ಎರಡು ಅಂತ ಲೆಕ್ಕ ಹಾಕೋಣ, ಮಜಾ ಬರುತ್ತೆ' ಅಂತಾರೆ. 1994ರ ಜನವರಿಯಲ್ಲಿ ಕೆರಿಬಿಯನ್ ಕಪ್ ಅರ್ಹತಾ ಸುತ್ತಿನಲ್ಲಿ ಇದೇ ನಿಯಮ ಇತ್ತು. ಬಾರ್ಬಡೋಸ್ ಮುಂದೆ ಹೋಗಬೇಕಾದರೆ ಗ್ರೆನಡಾವನ್ನು ಎರಡು ಗೋಲಿನ ಅಂತರದಿಂದ ಸೋಲಿಸಬೇಕು. 2–0 ಮುಂದೆ ಇದ್ದರು. 83ನೇ ನಿಮಿಷದಲ್ಲಿ ಗ್ರೆನಡಾ ಒಂದು ಹೊಡೆಯಿತು. 2–1. ಉಳಿದ ಹೊತ್ತಿನಲ್ಲಿ ಇನ್ನೊಂದು ಗೋಲು ಹೊಡೆಯೋದು ಕಷ್ಟ ಅಂತ ಗೊತ್ತಾಯಿತು. 87ನೇ ನಿಮಿಷಕ್ಕೆ ಬಾರ್ಬಡೋಸ್ ಆಟಗಾರರು ತಮ್ಮ ಗೋಲಿಗೇ ಚೆಂಡು ಒದ್ದು 2–2 ಮಾಡಿದರು. ಎಕ್ಸ್ಟ್ರಾ ಟೈಮಿಗೆ ಹೋದರೆ ಒಂದು ಗೋಲಿಗೆ ಎರಡಲ್ವಾ? ಗ್ರೆನಡಾಕ್ಕೆ ಉಪಾಯ ಹೊಳೆಯಿತು. 3–2 ಗೆದ್ದರೂ, 2–3 ಸೋತರೂ ಅವರೇ ಮುಂದೆ. ಎರಡರಲ್ಲಿ ಯಾವ ಗೋಲಿಗಾದರೂ ಹೊಡೆಯೋಕೆ ಓಡಿದರು. ಬಾರ್ಬಡೋಸ್‌ನವರು ಎರಡೂ ಗೋಲು ಕಾಯುತ್ತಾ ನಿಂತರು. ಎಕ್ಸ್ಟ್ರಾ ಟೈಮಿನಲ್ಲಿ ಬಾರ್ಬಡೋಸ್ ಹೊಡೆದ ಒಂದು ಗೋಲು ಎರಡಾಗಿ 4–2ರಿಂದ ಗೆದ್ದರು. ಇದರಲ್ಲೂ ಯಾರೂ ನಿಯಮ ಮುರಿಯಲಿಲ್ಲ.

ಹೊಸ ನಿಯಮ ಯಾರೇ ಹೇಳಲಿ, ಕೊನೆಯ ಸುತ್ತಿಗೆ ಮೊದಲು ಪಟ್ಟಿ ಹೇಗೆಲ್ಲ ಇರಬಹುದು ಅಂತ ನಾಲ್ಕಾರು ರೀತಿ ಬರೆದುಕೊಂಡು, 'ಇಲ್ಲಿ ಸೋತರೆ ಯಾರಿಗಾದರೂ ಲಾಭ ಇದೆಯಾ? ಡ್ರಾ ಆದರೆ ಇಬ್ಬರಿಗೂ ಲಾಭ ಇದೆಯಾ?' ಅಂತ ಕೇಳಿಕೊಳ್ಳಿ. ಇದೆ ಅಂತ ಕಂಡರೆ ಆ ನಿಯಮ ಬಿಡಿ. ನಿಮ್ಮ ವೇಳಾಪಟ್ಟಿ, ನಿಯಮದ ಹಾಳೆ ರೆಡಿ ಆದ ಮೇಲೆ ಚೀಟಿ ಎತ್ತೋದಕ್ಕೆ ಮೊದಲು ನನಗೊಂದು ಪ್ರತಿ ಕಳಿಸಿ. ಮೂರು ತಂಡ ಸಮ ಬರುವ ಲೆಕ್ಕವನ್ನು ನಾನೂ ಒಮ್ಮೆ ಹಾಕಿ ನೋಡ್ತೀನಿ.